ಬದುಕಿ ಬಂದವನ ಪಾಲು

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಹತ್ತನೆಯ ಶತಮಾನದ ಶಿಲಾಶಾಸನವನ್ನು ಕಂಡವರ ನೆನಪಿನಲ್ಲಿ ಉಳಿಯುವುದು ಅದರಲ್ಲಿ ಕೊರೆದಿರುವ ನಾಯಿ. ಕಾಡುಹಂದಿಯ ಮೇಲೆ ಎರಗಿರುವ ಆ ನಾಯಿಯ ಹೆಸರು ಕಾಳಿ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದ ರಣರಂಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷವಹಿಸಿದ್ದ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ತರುವಾಯ, ತನ್ನ ಮುಂದೆ ನಿಂತು ಕಾದಿದ ಮಣಲೇರನೆಂಬ ವೀರನನ್ನು ಕರೆದು, ಮೆಚ್ಚಿದೆನು, ಬೇಡು ಎನ್ನಲು, ಅವನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಅರಸನ ಬೇಟೆನಾಯಿಯನ್ನು ಬೇಡಿದನೆಂದೂ, ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೆಣಗಿ ಅದನ್ನು ಕೊಂದು ತಾನೂ ಸತ್ತಿತೆಂದೂ, ಅದರ ನೆನಪಿಗಾಗಿ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತೆಂದೂ, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದೂ ಶಾಸನ ಸಾರುತ್ತದೆ.

ಕಥೆ ಇಷ್ಟು ಸೊಗಸಾಗಿರುವುದರಿಂದಲೋ ಏನೋ, ಅದೇ ಕಲ್ಲಿನಲ್ಲಿರುವ ಇನ್ನೊಂದು ಮಾತಿನ ಕಡೆಗೆ ಬಹುಮಂದಿಯ ಲಕ್ಷ್ಯ ಹೋಗುವುದಿಲ್ಲ. ಮಣಲೇರ ಬೇಡಿದ್ದು ನಾಯಿಯನ್ನಾದರೂ, ಬೂತುಗನು ಅಷ್ಟಕ್ಕೆ ಕೈತೊಳೆದುಕೊಳ್ಳದೆ, ಆತುಕೂರು ಹನ್ನೆರಡನ್ನೂ ಬೆಳ್ವೊಲದ ಊರೊಂದನ್ನೂ ಅವನಿಗೆ ಬಾಳ್ಗಚ್ಚಾಗಿ ಕೊಟ್ಟನು. ಯುದ್ಧದಿಂದ ಮರಳಿದ ವೀರನ ಕತ್ತಿಯನ್ನು ತೊಳೆದು ಕೊಡುತ್ತಿದ್ದ ದತ್ತಿಯದು. ಅದನ್ನು ಪಡೆಯಬೇಕಾದರೆ ವೀರನು ಬದುಕಿ ಬಂದಿರಬೇಕು. ನಮ್ಮ ನಾಡಿನಲ್ಲಿ ಸಿಕ್ಕುವ ಸಾವಿರಾರು ವೀರಗಲ್ಲುಗಳ ನಡುವೆ ಆತಕೂರಿನ ಕಲ್ಲು ನನಗೆ ವಿಶೇಷವಾಗಿ ತೋರುವುದು ಈ ಕಾರಣದಿಂದ.

ಏಕೆಂದರೆ ವೀರಗಲ್ಲೆಂಬುದು ಸತ್ತವನ ಸೊತ್ತು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ತೋಳು ಹಿಡಿದು ಮೇಲೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿ, ನೆತ್ತಿಯಲ್ಲಿ ಸೂರ್ಯಚಂದ್ರರು: ಈ ಕ್ರಮವನ್ನು ಅರಿಯದ ಕನ್ನಡಿಗನಿಲ್ಲ. ಅದೇ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಪ್ರಖ್ಯಾತ ಶಿಲೆ, ವೀರಮಹೇಂದ್ರನ ಎದುರು ತುಂಬೆಪಾಡಿಯಲ್ಲಿ ಕಾದಿ ಮಡಿದ ನಾಗತ್ತರನದು. ಅವನ ಮರಣವಾರ್ತೆಯನ್ನು ಕೇಳಿದ ಗಂಗರ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಬಿಟ್ಟುಕೊಟ್ಟನು. ಚೆಲ್ಲಿದ ರಕ್ತಕ್ಕೆ ಪ್ರತಿಯಾಗಿ ಮಡಿದವನ ಮನೆಯವರಿಗೆ ಭೂಮಿ ಕೊಡುತ್ತಿದ್ದ ನೆತ್ತರುಗೊಡಗೆಯೂ ಇದೇ ಜಾತಿಯದು. ಇವುಗಳ ಔದಾರ್ಯವನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಮಡಿದವನನ್ನು ಗೌರವಿಸುವುದರಲ್ಲಿ ಒಂದು ಸೌಲಭ್ಯವುಂಟೆಂಬುದನ್ನು ಒಪ್ಪಲೇಬೇಕು: ಅವನಿಗಾಗಿ ಒಂದು ಸಲ ಖರ್ಚು ಮಾಡಿದರೆ ಮುಗಿಯಿತು; ಬದುಕಿ ಬಂದವನಾದರೋ ಮುದುಕನಾಗುತ್ತಾನೆ, ರೋಗಿಯಾಗುತ್ತಾನೆ, ಕಚೇರಿಯ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಕೆಲವೊಮ್ಮೆ ದನಿಯೆತ್ತಿ ಕೇಳುತ್ತಾನೆ. ಆದ್ದರಿಂದಲೇ ಜಗತ್ತಿನ ಎಲ್ಲ ರಾಜ್ಯಗಳೂ ಹುತಾತ್ಮನಿಗೆ ಕಲ್ಲು ನಿಲ್ಲಿಸಲು ಬೇಗ ಕಲಿತು, ನಿವೃತ್ತನಿಗೆ ಕೃತಜ್ಞತೆ ಸಲ್ಲಿಸಲು ತಡವಾಗಿ ಕಲಿತಿವೆ. ನಮ್ಮಲ್ಲಿ ಪ್ರತಿ ಜನವರಿ 14ರಂದು ನಡೆಯುವ ಮಾಜಿ ಸೈನಿಕರ ದಿನಾಚರಣೆಗೆ ಇನ್ನೂ ಒಂದು ದಶಕ ಕಳೆದಿರುವುದಷ್ಟೇ. ಅದರ ಹಿಂದಿರುವ ದಾರಿಯಾದರೋ ಬಹಳ ಉದ್ದವಾದುದು.

ಭೂಮಿಯ ರೂಪದ ಕೃತಜ್ಞತೆ ನಮ್ಮಲ್ಲಿ ಇತ್ತೀಚಿನವರೆಗೂ ಜೀವಂತವಾಗಿತ್ತೆಂಬುದಕ್ಕೆ ಕೊಡಗೇ ಸಾಕ್ಷಿ. ಅಲ್ಲಿನ ಅರಸರು ಸೈನ್ಯಸೇವೆಯ ಕಟ್ಟುಪಾಡಿನ ಮೇಲೆ ಕಡಿಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಬಿಟ್ಟ ಜಮ್ಮಾ ಭೂಮಿ, ರಾಜ್ಯವೇ ಹೋದಮೇಲೂ ಹೋಗಲಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇಂದಿಗೂ ದೊರೆಯುತ್ತಿರುವ ವಿನಾಯಿತಿಯಲ್ಲಿ ಆ ಹಳೆಯ ಒಪ್ಪಂದದ ನೆರಳಿದೆ. ಬ್ರಿಟಿಷರೂ ಈ ಗುಟ್ಟನ್ನು ಅರಿತಿದ್ದರು. ಪಂಜಾಬಿನಲ್ಲಿ ಹೊಸದಾಗಿ ಕಾಲುವೆ ತೋಡಿ ನೀರು ಹಾಯಿಸಿದ ಸೀಮೆಗಳಲ್ಲಿ ನಿವೃತ್ತ ಸಿಪಾಯಿಗಳಿಗೆ ಜಮೀನು ಹಂಚಿದಾಗ, ಹಳೆಯ ಸೇವೆಗೆ ಪ್ರತಿಫಲವೆಷ್ಟೋ ಹೊಸ ಸೇವೆಗೆ ಆಮಿಷವೂ ಅಷ್ಟೇ ಇತ್ತು. ಅಪ್ಪನ ಹೊಲದಲ್ಲಿ ಗೋಧಿ ಬೆಳೆಯುವುದನ್ನು ಕಂಡ ಮಗ ತಾನೂ ಪಲ್ಟನ್ನಿಗೆ ಸೇರುತ್ತಿದ್ದನು.

ಮೊದಲನೆಯ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಭಾರತೀಯರು ಸಮುದ್ರ ದಾಟಿ ಹೋದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಮೈಸೂರು ಸಂಸ್ಥಾನದ ಅಶ್ವದಳ ಜೋಧಪುರದವರೊಡಗೂಡಿ 1918ರ ಸೆಪ್ಟೆಂಬರ್ 23ರಂದು, ಫಿರಂಗಿ ಮೆಷಿನ್‌ಗನ್ನುಗಳ ಎದುರಿಗೆ ಈಟಿ ಕತ್ತಿಗಳನ್ನು ಹಿಡಿದು ಹೈಫಾ ಪಟ್ಟಣವನ್ನು ಗೆದ್ದ ಕಥೆ ಕನ್ನಡಿಗರಿಗೆ ತಿಳಿದಿರುವುದೇ. ಆ ಯುದ್ಧದ ಸ್ಮಾರಕಗಳನ್ನು ನೋಡಿ: ದೆಹಲಿಯಲ್ಲಿ ಮೈಸೂರು, ಜೋಧಪುರ, ಹೈದರಾಬಾದುಗಳ ಯೋಧರನ್ನು ಪ್ರತಿನಿಧಿಸುವ ಮೂರು ಕಂಚಿನ ಮೂರ್ತಿಗಳು 1922ರಲ್ಲಿಯೇ ನಿಂತವು, ಇಂಡಿಯಾ ಗೇಟಿಗೆ 1921ರಲ್ಲಿ ಅಡಿಗಲ್ಲು ಬಿದ್ದು 1931ರಲ್ಲಿ ಉದ್ಘಾಟನೆಯಾಯಿತು, ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ತಲೆಯೆತ್ತಿತು. ಮರಳಿ ಬಂದವರ ವಿಚಾರಕ್ಕೆ ಬಂದರೆ ಕಟ್ಟಡಗಳು ಇಷ್ಟು ಭವ್ಯವಲ್ಲ, ಆದರೂ ಎರಡನ್ನು ಹೆಸರಿಸಬೇಕು. 1917ರಲ್ಲಿ ಮುಂಬಯಿಯಲ್ಲಿ, ಕೈಕಾಲು ಕಳೆದುಕೊಂಡ ಸಿಪಾಯಿಗಳಿಗೆ ಕಸುಬು ಕಲಿಸುವ ಕ್ವೀನ್ ಮೇರಿ ಶಾಲೆ ತೆರೆಯಿತು. ಮುಂದೆ ಪುಣೆಯ ಖಡ್ಕಿಗೆ ಸಾಗಿದ ಆ ಸಂಸ್ಥೆ ಇಂದಿಗೂ ಅಲ್ಲಿದೆ. 1919ರಲ್ಲಿ ಸೈನಿಕರ ಮತ್ತು ಅವರ ಕುಟುಂಬಗಳ ಯೋಗಕ್ಷೇಮಕ್ಕೆಂದು ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಎಂಬ ಮಂಡಲಿ ರಚಿತವಾಯಿತು. ಲಕ್ಷಗಟ್ಟಲೆ ಮಂದಿಯನ್ನು ಒಮ್ಮೆಗೇ ಸೇವೆಯಿಂದ ಬಿಡಿಸಿ ಊರುಗಳಿಗೆ ಕಳುಹಿಸುತ್ತಿದ್ದ, ಪಂಜಾಬು ಕುದಿಯುತ್ತಿದ್ದ ಆ ವರ್ಷದಲ್ಲಿ ಇಂಥದೊಂದು ಮಂಡಲಿಯನ್ನು ಕಟ್ಟಲು ಸರ್ಕಾರಕ್ಕೆ ಕೃತಜ್ಞತೆಯೊಂದೇ ಪ್ರೇರಣೆಯಾಗಿತ್ತೆಂದು ನಂಬುವುದು ಕಷ್ಟ. ಬಂದೂಕು ಹಿಡಿದು ಬಲ್ಲವನು ಹೊಟ್ಟೆಗಿಲ್ಲದೆ ಊರಲ್ಲಿ ಕುಳಿತರೆ ಏನಾದೀತೆಂಬ ಭಯವೂ ಲೋಕೋಪಕಾರಕ್ಕೆ ಕಾರಣವಾಗಬಹುದು. ಹೇಗೆ ಹುಟ್ಟಿದರೇನು, ಹುಟ್ಟಿದ ಸಂಸ್ಥೆ ಬಾಳಿತು: ಇಂದಿನ ಕೇಂದ್ರೀಯ ಸೈನಿಕ ಮಂಡಲಿ, ಅದರ ಕೆಳಗೆ ರಾಜ್ಯಗಳಲ್ಲಿಯೂ ಜಿಲ್ಲೆಗಳಲ್ಲಿಯೂ ಹರಡಿರುವ ಸೈನಿಕ ಕಲ್ಯಾಣ ಕಚೇರಿಗಳು, ಎಲ್ಲವೂ ಆ ಬೇರಿನಿಂದ ಬಂದವು.

ಸಾಮಾನ್ಯ ಜನರ ಕೈಗೆ ಈ ಕೃತಜ್ಞತೆ ಬಂದುದು ಒಂದು ಚೂರು ಕಾಗದದ ರೂಪದಲ್ಲಿ. ಬ್ರಿಟಿಷರ ಕಾಲದಲ್ಲಿ ನವೆಂಬರ್ 11ರಂದು ಕೆಂಪು ಗಸಗಸೆ ಹೂವಿನ ಪ್ರತಿಕೃತಿಯನ್ನು ಎದೆಗೆ ಸಿಕ್ಕಿಸಿಕೊಂಡು ನಿಧಿಗೆ ಹಣ ಹಾಕುವ ಪದ್ಧತಿಯಿತ್ತು. ಫ್ಲಾಂಡರ್ಸಿನ ಹೊಲಗಳಲ್ಲಿ ಅರಳುವ ಆ ಹೂವಿಗೂ ಸ್ವತಂತ್ರ ಭಾರತದ ಜವಾನನಿಗೂ ನಂಟು ಕಲ್ಪಿಸುವುದು ಸುಲಭವಲ್ಲವಷ್ಟೆ. 1949ರ ಆಗಸ್ಟ್ 28ರಂದು ರಕ್ಷಣಾ ಸಚಿವರ ಅಧೀನದಲ್ಲಿ ನೇಮಕಗೊಂಡ ಸಮಿತಿಯೊಂದು, ಇನ್ನು ಮುಂದೆ ಪ್ರತಿವರ್ಷ ಡಿಸೆಂಬರ್ 7ರಂದು ಧ್ವಜ ದಿನವನ್ನು ಆಚರಿಸಿ, ಪುಟ್ಟ ಬಾವುಟಗಳನ್ನು ಜನರಿಗೆ ಹಂಚಿ, ಬಂದ ಹಣವನ್ನು ಯುದ್ಧದಲ್ಲಿ ನೊಂದವರ, ಸೇವೆಯಲ್ಲಿರುವವರ, ನಿವೃತ್ತರ ಮತ್ತು ಅವರ ಕುಟುಂಬಗಳ ಹಿತಕ್ಕೆ ಬಳಸಬೇಕೆಂದು ನಿಶ್ಚಯಿಸಿತು. ಶಾಲೆಯಲ್ಲಿ ಓದಿದ ಯಾರಿಗೆ ಆ ಬಾವುಟ ನೆನಪಿಲ್ಲ? ಬೆಂಕಿಪೊಟ್ಟಣದಷ್ಟು ಕಾಗದ, ಅದರಲ್ಲಿ ಭೂಸೇನೆಯ ಕೆಂಪು, ನೌಕಾಪಡೆಯ ಕಡುನೀಲಿ, ವಾಯುಪಡೆಯ ತಿಳಿನೀಲಿ ಪಟ್ಟಿಗಳು, ಅಂಗಿಯ ಜೇಬಿನ ಮೇಲೆ ಗುಂಡುಸೂಜಿಯಿಂದ ಚುಚ್ಚಿಕೊಂಡು, ಸಂಜೆಯ ಹೊತ್ತಿಗೆ ಆಟದ ಗದ್ದಲದಲ್ಲಿ ಕಳೆದುಹೋಗುವ ವಸ್ತು. ಮೇಷ್ಟರು ಹುಂಡಿಯ ಡಬ್ಬಿ ಹಿಡಿದು ತರಗತಿಗೆ ಬಂದಾಗ ಮನೆಯಿಂದ ತಂದ ಚಿಲ್ಲರೆಯನ್ನು ಹಾಕಿ ಬಾವುಟ ಪಡೆದ ನಮ್ಮಂಥವರಿಗೆ, ಆ ಮೂರು ಬಣ್ಣಗಳು ಏನನ್ನು ಸೂಚಿಸುವುವೆಂದು ಯಾರೂ ವಿವರಿಸಿ ಹೇಳಿದುದಿಲ್ಲ. ಆದರೂ ರಾಜನ ದತ್ತಿಯಾಗಿದ್ದುದು ಪ್ರಜೆಯ ಕಾಸಾದುದು ಅಲ್ಲಿಂದಲೇ ಎಂಬುದರಿಂದ, ಆ ಕಾಗದದ ಚೂರನ್ನು ನಾನು ಹಗುರವಾಗಿ ಎಣಿಸಲಾರೆ.

ಧ್ವಜ ದಿನ ಗೊತ್ತಾದ ಅದೇ 1949ರ ಜನವರಿ 15ರಂದು, ಜನರಲ್ ಸರ್ ರಾಯ್ ಬುಚರ್ ಅವರಿಂದ ಭಾರತೀಯ ಭೂಸೇನೆಯ ದಂಡನಾಯಕತ್ವವನ್ನು ವಹಿಸಿಕೊಂಡವರು ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರೆಂಬ ಕೀರ್ತಿಯ ದಿನವನ್ನೇ ದೇಶ ಸೇನಾ ದಿನವೆಂದು ಆಚರಿಸುತ್ತದೆ. ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಗಳಾಗಿ ನಿಯುಕ್ತರಾದ ಭಾರತೀಯರ ಮೊದಲ ತಂಡದಲ್ಲಿ ಒಬ್ಬರಾಗಿದ್ದ ಅವರು, ನಾಲ್ಕು ವರ್ಷ ದಂಡನಾಯಕರಾಗಿದ್ದು 1953ರ ಜನವರಿ 14ರಂದು ನಿವೃತ್ತರಾದರು. ನಿವೃತ್ತಿಯೆಂದರೆ ಮಡಿಕೇರಿಯ ತಮ್ಮ ರೋಶನಾರಾ ಮನೆಯ ಜಗಲಿಯಲ್ಲಿ ಕುಳಿತು ಮಂಜು ನೋಡುವುದೆಂದು ಅವರು ತಿಳಿಯಲಿಲ್ಲ. ಆಸ್ಟ್ರೇಲಿಯ ನ್ಯೂಜಿಲೆಂಡುಗಳಲ್ಲಿ ಭಾರತದ ರಾಯಭಾರದ ಹೊಣೆ ಹೊತ್ತು 1956ರಲ್ಲಿ ಮರಳಿದ ಮೇಲೆ, ತಮ್ಮಂತೆಯೇ ಸಮವಸ್ತ್ರ ಕಳಚಿದ, ಆದರೆ ತಮ್ಮ ಹೆಸರಾಗಲಿ ವಿಶ್ರಾಂತಿವೇತನವಾಗಲಿ ಇಲ್ಲದ ಸಾಮಾನ್ಯ ಸಿಪಾಯಿಯ ಗತಿಯೇನೆಂಬ ಚಿಂತೆ ಅವರನ್ನು ಹಿಡಿಯಿತು. ಮಾಜಿ ಸೈನಿಕರು ಬಿಡಿಬಿಡಿಯಾಗಿ ಅರ್ಜಿ ಬರೆಯುತ್ತ ಕೂಡದೆ ಒಟ್ಟಾಗಿ ಮಾತನಾಡಬೇಕೆಂಬ ದೃಷ್ಟಿಯಿಂದ 1964ರಲ್ಲಿ ಇಂಡಿಯನ್ ಎಕ್ಸ್‌ಸರ್ವಿಸಸ್ ಲೀಗ್ ಎಂಬ ಸಂಘವನ್ನು ಅವರು ಸ್ಥಾಪಿಸಿದರು.

ಮರುವರ್ಷದ ಯುದ್ಧದಲ್ಲಿ ವಾಯುಪಡೆಯ ವೈಮಾನಿಕರಾಗಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕಾಗ, ಹಿಂದೆ ಅವಿಭಜಿತ ಸೇನೆಯಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಮಗನನ್ನು ಬಿಟ್ಟುಕೊಡುವ ಸೂಚನೆ ಕಳುಹಿಸಿದರೆಂದೂ, ಸೆರೆಯಲ್ಲಿರುವ ಪ್ರತಿಯೊಬ್ಬ ಭಾರತೀಯ ಯೋಧನೂ ತಮ್ಮ ಮಗನೇ ಆದ್ದರಿಂದ ಒಬ್ಬನಿಗೆ ಮಾತ್ರ ವಿಶೇಷ ಕೃಪೆ ಬೇಡವೆಂದು ತಂದೆ ಉತ್ತರಿಸಿದರೆಂದೂ ಪ್ರಸಿದ್ಧವಾಗಿದೆ. ಇಂಥ ಮನುಷ್ಯರು 1971ರಲ್ಲಿ ಮುಂಬಯಿಯ ಕ್ಷೇತ್ರವೊಂದರಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಜನ ಸೈನಿಕನಿಗೆ ವಂದಿಸುತ್ತಾರೆ, ಹಾರ ಹಾಕುತ್ತಾರೆ, ಮತ ಹಾಕುವಾಗ ಬೇರೆ ಲೆಕ್ಕ ಹಾಕುತ್ತಾರೆ. ಪ್ರಜಾಪ್ರಭುತ್ವದ ಆರೋಗ್ಯಕ್ಕೆ ಅದು ಒಳ್ಳೆಯದೇ ಇರಬಹುದು. ನಿವೃತ್ತಿಯಾಗಿ ಮೂವತ್ತಮೂರು ವರ್ಷಗಳ ಅನಂತರ, 1986ರಲ್ಲಿ, ಸರ್ಕಾರ ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನು ಕೊಟ್ಟಿತು. ಸೇನೆಯ ನಿಯಮದಂತೆ ಫೀಲ್ಡ್ ಮಾರ್ಷಲ್ಲರಿಗೆ ನಿವೃತ್ತಿಯೆಂಬುದಿಲ್ಲ. ಬದುಕಿರುವವರೆಗೂ ಅವರು ಸೇವೆಯಲ್ಲಿರುವವರೇ. ಹೀಗೆ ಒಮ್ಮೆ ನಿವೃತ್ತರಾಗಿ, ಮೂರು ದಶಕಗಳ ಮೇಲೆ ನಿವೃತ್ತಿಯಿಂದಲೇ ನಿವೃತ್ತರಾದ ಕಾರ್ಯಪ್ಪನವರು 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಇಂಥವರ ನಿವೃತ್ತಿಯ ತಿಥಿಯನ್ನೇ ದೇಶದ ಎಲ್ಲ ಮಾಜಿ ಸೈನಿಕರ ದಿನವನ್ನಾಗಿ ಆರಿಸಿಕೊಂಡುದರಲ್ಲಿ ಒಂದು ವಿನೋದವೂ ಒಂದು ವಿವೇಕವೂ ಸೇರಿಕೊಂಡಿವೆ. ಮೊದಲ ಆಚರಣೆ ನಡೆದುದು 2016ರ ಜನವರಿ 14ರಂದು. ಆ ಮೊದಲ ವರ್ಷ ಅದಕ್ಕೆ ಆರ್ಮಿಸ್ಟಿಸ್ ಡೇ ಎಂಬ ಹೆಸರಿತ್ತು. 2017ರಿಂದ ವೆಟರನ್ಸ್ ಡೇ ಎಂದಾಯಿತು. ಅಮೆರಿಕದಲ್ಲಿಯೂ ಹೀಗೆಯೇ ನಡೆದಿತ್ತು. ಮೊದಲನೆಯ ಮಹಾಯುದ್ಧ ನಿಂತ ನವೆಂಬರ್ 11ನ್ನು ಅಲ್ಲಿ ಆರ್ಮಿಸ್ಟಿಸ್ ಡೇ ಎಂದು ಆಚರಿಸುತ್ತಿದ್ದರು. ಎರಡನೆಯ ಯುದ್ಧದವರೂ ಕೊರಿಯಾ ಯುದ್ಧದವರೂ ಸೇರಿಕೊಂಡ ಮೇಲೆ 1954ರಲ್ಲಿ ಅಧ್ಯಕ್ಷ ಐಸೆನ್‌ಹೋವರರು ಅದನ್ನು ವೆಟರನ್ಸ್ ಡೇ ಆಗಿ ಮಾರ್ಪಡಿಸುವ ಶಾಸನಕ್ಕೆ ಸಹಿ ಹಾಕಿದರು. ಆದರೆ ಆ ಹೆಸರು ಬರುವುದಕ್ಕೆ ಮೊದಲು ಅಲ್ಲಿ ನಡೆದುದನ್ನು ಮರೆಯಲಾಗದು: 1932ರಲ್ಲಿ, ತಮಗೆ ಬರಬೇಕಾದ ಬೋನಸ್ ಹಣವನ್ನು ಬೇಗ ಕೊಡಿರೆಂದು ವಾಷಿಂಗ್ಟನ್ನಿನಲ್ಲಿ ಬಿಡಾರ ಹೂಡಿದ್ದ ಸಾವಿರಾರು ಹಳೆಯ ಸೈನಿಕರನ್ನು ಅದೇ ದೇಶದ ಸೈನ್ಯ ಅಶ್ರುವಾಯು ಹಾರಿಸಿ ಅಟ್ಟಿತು. ಆ ಅಪಮಾನದ ನೆನಪೂ ಕೆಲಸಮಾಡಿ, 1944ರಲ್ಲಿ ಮರಳಿ ಬರುವ ಸೈನಿಕರ ವಿದ್ಯಾಭ್ಯಾಸಕ್ಕೂ ಮನೆಯ ಸಾಲಕ್ಕೂ ನೆರವಾಗುವ ದೊಡ್ಡ ಕಾಯಿದೆ ಅಲ್ಲಿ ಜಾರಿಗೆ ಬಂತು.

ನಮ್ಮ ದಿನದ ಆಯ್ಕೆಯ ವಿವೇಕವೆಂದೆನಷ್ಟೆ. ಗೆಲುವಿನ ದಿನಗಳು ನಮಗೆ ಬೇರೆಯಿವೆ: ಡಿಸೆಂಬರ್ 16 ವಿಜಯ ದಿವಸ, ಜುಲೈ 26 ಕಾರ್ಗಿಲ್ ದಿವಸ. ಸತ್ತವರಿಗಾಗಿ 1972ರ ಗಣರಾಜ್ಯ ದಿನದಂದು ಅಮರ ಜವಾನ್ ಜ್ಯೋತಿ ಹೊತ್ತಿತು, 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಎದ್ದಿತು. ಸಾವೂ ಇಲ್ಲದ ಗೆಲುವೂ ಇಲ್ಲದ, ಒಬ್ಬ ಮನುಷ್ಯ ತನ್ನ ಪಾಲಿನ ಕೆಲಸ ಮುಗಿಸಿ ಕೋಲು ಕೆಳಗಿಟ್ಟು ಮನೆಗೆ ಹೊರಟ ದಿನವನ್ನು ಹಬ್ಬವಾಗಿಸಿದುದು, ಬದುಕಿ ಬಂದವರ ಆಚರಣೆಗೆ ಬಹಳ ಉಚಿತವಾಗಿದೆ. ಜೊತೆಗೆ ಅದು ಬಹುತೇಕ ವರ್ಷಗಳಲ್ಲಿ ಸಂಕ್ರಾಂತಿಯ ದಿನ ಅಥವಾ ಅದರ ಹಿಂದುಮುಂದಿನ ದಿನ. ಸರ್ಕಾರ ಪಂಚಾಂಗ ನೋಡಿ ಗೊತ್ತುಮಾಡಿದ್ದಲ್ಲ; ಆದರೆ ಎಳ್ಳುಬೆಲ್ಲದ ತಟ್ಟೆ ಹಿಡಿದು ಮನೆಮನೆಗೆ ಹೋಗುವ ವಾಡಿಕೆಯುಳ್ಳ ಕನ್ನಡನಾಡಿನಲ್ಲಿ, ಬೀದಿಯ ಮಾಜಿ ಸೈನಿಕನ ಮನೆಗೂ ಹೋಗಿ ಒಳ್ಳೆಯ ಮಾತಾಡಲು ಇದಕ್ಕಿಂತ ಒಳ್ಳೆಯ ನೆಪ ಸಿಕ್ಕದು.

ಒಳ್ಳೆಯ ಮಾತಿನಿಂದಲೇ ಎಲ್ಲವೂ ಆಗುವುದಿಲ್ಲವೆಂಬುದು ಆ ಮೊದಲ ಆಚರಣೆಯ ಹೊತ್ತಿನಲ್ಲಿಯೇ ಎಲ್ಲರಿಗೂ ಗೊತ್ತಿತ್ತು. ಜವಾನನಾದವನು ಸಾಮಾನ್ಯವಾಗಿ ಮೂವತ್ತೈದು ನಲವತ್ತರ ಪ್ರಾಯದಲ್ಲಿಯೇ ಸೇವೆಯಿಂದ ಬಿಡುಗಡೆ ಹೊಂದುತ್ತಾನೆ. ಮಕ್ಕಳು ಶಾಲೆಯಲ್ಲಿರುತ್ತವೆ, ಮನೆ ಕಟ್ಟಬೇಕಾಗಿರುತ್ತದೆ, ಇತರ ನೌಕರರು ಸಂಬಳದ ಮೇಲಿನ ಮೆಟ್ಟಿಲುಗಳನ್ನು ಹತ್ತುವ ಕಾಲದಲ್ಲಿ ಇವನದು ಪಿಂಚಣಿಯ ಬದುಕು. ಹಿಂದೆ ಬಿಟ್ಟವನಿಗೂ ಇಂದು ಬಿಟ್ಟವನಿಗೂ ಒಂದೇ ಪದವಿ, ಒಂದೇ ಸೇವಾವಧಿಯಿದ್ದರೆ ಒಂದೇ ಪಿಂಚಣಿ ಬರಬೇಕೆಂಬುದು ಮಾಜಿ ಸೈನಿಕರ ಬೇಡಿಕೆ. ಮೂರನೆಯ ವೇತನ ಆಯೋಗದ ತರುವಾಯ 1973ರಲ್ಲಿ ಪಿಂಚಣಿಯ ಸೂತ್ರ ಬದಲಾಗಿ ಸಿಪಾಯಿಗೆ ಅನ್ಯಾಯವಾಯಿತೆಂಬುದು ಅವರ ದೂರಿನ ಮೂಲ. ಅರ್ಜಿಗಳಿಂದ, ಪದಕಗಳನ್ನು ಹಿಂದಿರುಗಿಸುವುದರಿಂದ ಆಗದ್ದಕ್ಕೆ 2015ರ ಜೂನ್ ತಿಂಗಳಲ್ಲಿ ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕುಳಿತರು. ಎದೆಯ ಮೇಲೆ ಪದಕಗಳ ಸಾಲು ಧರಿಸಿದ ವೃದ್ಧರು ಬೀದಿಯ ಬದಿಯಲ್ಲಿ ಕುಳಿತಿದ್ದ ಆ ನೋಟ ಯಾವ ಸರ್ಕಾರಕ್ಕೂ ಶೋಭೆ ತರುವಂಥದಾಗಿರಲಿಲ್ಲ. ಸೆಪ್ಟೆಂಬರ್ 5ರಂದು ಸಮಾನ ಪದವಿಗೆ ಸಮಾನ ಪಿಂಚಣಿ, 2014ರ ಜುಲೈ 1ರಿಂದ ಅನ್ವಯವಾಗುವಂತೆ, ಘೋಷಣೆಯಾಯಿತು. ಐದು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತೇವೆಂದು ಸರ್ಕಾರ, ಆಗಾಗಲೇ ಪರಿಷ್ಕರಿಸಬೇಕೆಂದು ಸೈನಿಕರು. ಈ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2022ರ ಮಾರ್ಚಿನಲ್ಲಿ ಸರ್ಕಾರದ ಕ್ರಮದಲ್ಲಿ ಸಂವಿಧಾನವಿರೋಧವೇನೂ ಇಲ್ಲವೆಂದು ತೀರ್ಪಾಯಿತು. ಹೀಗೆ ಪಿಂಚಣಿಯ ಘೋಷಣೆಯಾಗಿ ಐದು ತಿಂಗಳೊಳಗೆ, ಕಹಿ ಇನ್ನೂ ಪೂರ್ತಿ ಆರದಿದ್ದಾಗ, ಕೃತಜ್ಞತೆಯ ಹಬ್ಬ ಹುಟ್ಟಿತು. ಎರಡಕ್ಕೂ ಸಂಬಂಧವಿಲ್ಲವೆಂದು ಯಾರಾದರೂ ಹೇಳಿದರೆ ನಾನು ತಕರಾರು ಮಾಡಲು ಹೋಗುವುದಿಲ್ಲ, ನಂಬಲೂ ಹೋಗುವುದಿಲ್ಲ.

ಊರುಗಳಲ್ಲಿ ಸೇನೆಯಿಂದ ಬಂದವನ ಹೆಸರಿನ ಹಿಂದೆ ಮಿಲ್ಟ್ರಿ ಎಂಬುದು ಸೇರಿಕೊಂಡರೆ ಸಾಯುವವರೆಗೂ ಬಿಡುವುದಿಲ್ಲ. ಊರಿನವರಿಗೆ ಅವನಿಂದ ಕ್ಯಾಂಟೀನಿನ ಸಾಮಾನಿನ ಅಪೇಕ್ಷೆ. ಗ್ರಾಮಸಭೆಯಲ್ಲಿ ಶಿಸ್ತಿನ ಮಾತಾಡಿದರೆ ಅವನ ಮೇಲೆ ಸ್ವಲ್ಪ ನಗೆ. ಸ್ವಾತಂತ್ರ್ಯ ದಿನದಂದು ಶಾಲೆಯಲ್ಲಿ ಮುಂದಿನ ಸಾಲಿನ ಕುರ್ಚಿ. ಮಿಕ್ಕ ದಿನಗಳಲ್ಲಿ ಅವನು ಬ್ಯಾಂಕಿನ ಬಾಗಿಲಲ್ಲೋ ಕಾರ್ಖಾನೆಯ ಗೇಟಿನಲ್ಲೋ ಮತ್ತೊಂದು ಸಮವಸ್ತ್ರ ತೊಟ್ಟು ಕಾವಲಿರುತ್ತಾನೆ. ಇವೆಲ್ಲದರ ನಡುವೆ ಅವನಿಗೆ ಸಲ್ಲಬೇಕಾದುದರ ಸ್ವರೂಪವನ್ನು ಕಾಣಬೇಕಾದರೆ, ಸೇನೆ ಮತ್ತು ಸೈನಿಕ ಕಲ್ಯಾಣ ಇಲಾಖೆಗಳು ಏರ್ಪಡಿಸುವ ಮಾಜಿ ಸೈನಿಕರ ಸಮಾವೇಶಕ್ಕೆ ಹೋಗಬೇಕು. ವೇದಿಕೆಯ ಕಡೆ ಪುಷ್ಪಗುಚ್ಛ, ಬ್ಯಾಂಡು, ಭಾಷಣ. ಶಾಮಿಯಾನದ ಇನ್ನೊಂದು ಮಗ್ಗುಲಲ್ಲಿ ಉದ್ದಕ್ಕೂ ಮೇಜುಗಳು: ರೆಜಿಮೆಂಟುಗಳ ದಾಖಲೆ ಕಚೇರಿಯವರದೊಂದು, ಪಿಂಚಣಿಯವರದೊಂದು, 2003ರಿಂದ ನಡೆಯುತ್ತಿರುವ ಮಾಜಿ ಸೈನಿಕರ ಆರೋಗ್ಯ ಯೋಜನೆಯವರದೊಂದು, ಬ್ಯಾಂಕಿನವರದೊಂದು. ಭಾಷಣ ಮುಗಿಯುವುದನ್ನು ಕಾಯದೆ ಜನ ಅತ್ತ ಸೇರುತ್ತಾರೆ.

ಆ ಮೇಜುಗಳ ಮುಂದೆ ಕೇಳಿಬರುವ ಅಹವಾಲುಗಳು ಯಾವ ವೀರಕಾವ್ಯಕ್ಕೂ ಒದಗತಕ್ಕವಲ್ಲ. ಡಿಸ್ಚಾರ್ಜ್ ಪುಸ್ತಕದಲ್ಲಿ ಹುಟ್ಟಿದ ತಾರೀಖು ಒಂದು, ಆಧಾರ್ ಚೀಟಿಯಲ್ಲಿ ಇನ್ನೊಂದು. ನವೆಂಬರಿನಲ್ಲಿ ಕೊಡಬೇಕಾಗಿದ್ದ ಜೀವಿತ ಪ್ರಮಾಣಪತ್ರಕ್ಕೆ ಬೆರಳ ಗುರುತು ಒತ್ತಲು ಹೋದರೆ, ಉತ್ತು ಉತ್ತು ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸಲೊಲ್ಲದು, ಪಿಂಚಣಿ ನಿಂತಿದೆ. ಗಂಡ ತೀರಿಕೊಂಡ ಮುದುಕಿಯೊಬ್ಬಳ ಹೆಸರು ಅವನ ದಾಖಲೆಯಲ್ಲಿ ತವರಿನ ಹೆಸರಾಗಿದೆ, ಮದುವೆಯಾದ ಮೇಲೆ ಅತ್ತೆಮನೆಯವರು ಕರೆದ ಹೆಸರೇ ಊರಿಗೆಲ್ಲ ಗೊತ್ತು. ಎರಡೂ ಒಬ್ಬಳೇ ಎಂದು ಯಾರು ಬರೆದುಕೊಡಬೇಕು? ಮೇಜಿನಾಚೆ ಕುಳಿತ ಹವಾಲ್ದಾರ, ಅಮ್ಮಾ ಕೂತ್ಕೊಳ್ಳಿ ಎಂದು ಕುರ್ಚಿ ಎಳೆದುಕೊಟ್ಟು, ಗಂಡನ ಸೇನಾ ನಂಬರು ಕೇಳುತ್ತಾನೆ. ತನ್ನ ವಯಸ್ಸು ಹೇಳಲಾರದ ಆಕೆ ಆ ನಂಬರನ್ನು ಮಾತ್ರ ಒಂದೇ ಉಸಿರಿಗೆ ತಪ್ಪಿಲ್ಲದೆ ಹೇಳುತ್ತಾಳೆ. ಅವನು ಎರಡು ನಮೂನೆಗಳನ್ನು ತುಂಬಿಸಿ, ನೋಟರಿಯ ಬಳಿ ಮಾಡಿಸಬೇಕಾದ ಪ್ರಮಾಣಪತ್ರದ ಒಕ್ಕಣೆಯನ್ನು ತಾನೇ ಕನ್ನಡದಲ್ಲಿ ಬರೆದುಕೊಟ್ಟು, ಜಿಲ್ಲಾ ಕಚೇರಿಯಲ್ಲಿ ಯಾರನ್ನು ಕಾಣಬೇಕೆಂದು ಹಾಳೆಯ ಹಿಂದೆ ಗುರುತು ಹಾಕಿಕೊಡುತ್ತಾನೆ. ಸರತಿಯಲ್ಲಿ ಮುಂದಿನವನು ತನ್ನ ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನು ಹೊರತೆಗೆಯುತ್ತಿರುತ್ತಾನೆ.